ನಳಿಗೆಯ ಅಡಿಯಲ್ಲಿ ಬರ್ಮಿಂಗ್‌ಹ್ಯಾಮ್

ಲಂಡನ್ನಿನ ಸೌತ್ ಆಡ್ಲಿ ಸ್ಟ್ರೀಟ್‌ನಲ್ಲಿರುವ ಪರ್ಡಿ ಮಳಿಗೆಗೆ ಕೋವಿ ಅಂಗಡಿಯ ಲಕ್ಷಣವೇ ಇಲ್ಲ. ಒಳಗೆ ಎಲ್ಲರೂ ಮೆಲುದನಿಯಲ್ಲಿ ಮಾತನಾಡುತ್ತಾರೆ. 1814ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಹೊಸ ಜೋಡುನಳಿಗೆ ಕೋವಿಯೊಂದು ಬೇಕೆಂದರೆ ಒಂದು ಲಕ್ಷ ಪೌಂಡಿಗೂ ಮೇಲೆ ತೆರಬೇಕು. ತೆತ್ತ ಮೇಲೆ ಕಾಯಲೂ ಬೇಕು. ಅದರೊಳಗಿನ ಯಂತ್ರ ಇಂದಿಗೂ ಫ್ರೆಡರಿಕ್ ಬೀಸ್ಲಿ ಎಂಬ ಕುಶಲಕರ್ಮಿ 1880ರಲ್ಲಿ ಪೇಟೆಂಟ್ ಮಾಡಿಸಿ ಪರ್ಡಿಗೆ ಮಾರಿದ್ದೇ. ಲಿವರ್ ಸರಿಸಿದರೆ ನಳಿಗೆ ತಾನೇ ಬಾಗಿ ತೆರೆದುಕೊಳ್ಳುತ್ತದೆ, ಮುಚ್ಚುವಾಗ ಮಾತ್ರ ತೋಳಿಗೆ ಕೆಲಸ. ಎಷ್ಟು ಮಂದಿಗೆ ಬೀಸ್ಲಿಯ ಹೆಸರು ಗೊತ್ತಿದೆ? ಕೋವಿಯ ಮೇಲೆ ಮಿನುಗುವುದು ಪರ್ಡಿಯ ಹೆಸರು. ಹಾಗೆ ಮರೆಗೆ ಸರಿದವರ ಊರು ನೋಡಲೆಂದೇ ಮೇರಿಲೆಬೋನ್‌ನಿಂದ ಬರ್ಮಿಂಗ್‌ಹ್ಯಾಮ್ ರೈಲು ಹತ್ತಿದೆ.

ಮೂರ್ ಸ್ಟ್ರೀಟ್ ನಿಲ್ದಾಣದಿಂದ ಬ್ಯಾನ್‌ಬರಿ ಸ್ಟ್ರೀಟ್‌ಗೆ ನಡೆದೇ ಹೋಗಬಹುದು. ಪಕ್ಕದಲ್ಲೇ ವೇಗದ ರೈಲಿನ ಹೊಸ ನಿಲ್ದಾಣಕ್ಕಾಗಿ ಕ್ರೇನುಗಳು ಎದ್ದು ನಿಂತಿವೆ. ಅವುಗಳ ನೆರಳಿನಲ್ಲಿ, ಕಾಲುವೆಯ ಬದಿಗೆ, ಪ್ರೂಫ್ ಹೌಸ್‌ನ ಕೆಂಪು ಇಟ್ಟಿಗೆ ಕಟ್ಟಡ. ಬಾಗಿಲ ಮೇಲೆ ಕವಚ, ಬಾವುಟ, ಆಯುಧಗಳ ಬಣ್ಣ ಬಳಿದ ಕೆತ್ತನೆ. ಊರಿನ ಕೋವಿ ತಯಾರಕರೇ ಬೇಡಿಕೆಯಿಟ್ಟು, ತಮ್ಮದೇ ಖರ್ಚಿನಲ್ಲಿ, 1813ರ ಸಂಸತ್ ಕಾಯ್ದೆಯ ಮೂಲಕ ಕಟ್ಟಿಸಿಕೊಂಡ ಪರೀಕ್ಷಾಲಯವಿದು. ಮಾಮೂಲಿಗಿಂತ ಹೆಚ್ಚಿನ ಒತ್ತಡದ ತೋಟಾ ತುಂಬಿ ಹಾರಿಸುತ್ತಾರೆ. ನಳಿಗೆ ತಡೆದುಕೊಂಡರೆ ಮುದ್ರೆ ಬೀಳುತ್ತದೆ. ಮುದ್ರೆಯಿಲ್ಲದ ಕೋವಿಯನ್ನು ಬ್ರಿಟನ್ನಿನಲ್ಲಿ ಮಾರುವುದು ಇಂದಿಗೂ ಅಪರಾಧ. ಇದರೊಳಗಿನ ವಸ್ತುಸಂಗ್ರಹಾಲಯದ ಭೇಟಿಗೆ ಮೊದಲೇ ಬರೆದು ಒಪ್ಪಿಗೆ ಪಡೆದಿರಬೇಕು.

ಈ ಊರಿನ ಕೋವಿಗಳಿಗೆ ಇನ್ನೊಂದು ಚರಿತ್ರೆಯೂ ಉಂಟು. ಹದಿನೆಂಟನೇ ಶತಮಾನದಲ್ಲಿ ಇಲ್ಲಿಂದ ಪಶ್ಚಿಮ ಆಫ್ರಿಕಕ್ಕೆ ಅಗ್ಗದ ಬಂದೂಕುಗಳು ರಾಶಿರಾಶಿಯಾಗಿ ಹೋದವು, ಗುಲಾಮರ ವ್ಯಾಪಾರದ ಸರಕಾಗಿ. ಹಳೆಯ ಕೋವಿಗಳ ಅಂದವನ್ನು ಬಾಯ್ತುಂಬ ಹೊಗಳುವ ಸಂಗ್ರಾಹಕರು ಈ ಮಾತು ಬಂದಾಗ ವಿಷಯ ಬದಲಿಸುವುದನ್ನು ಕಂಡಿದ್ದೇನೆ.

ಅಲ್ಲಿಂದ ಸ್ಟೀಲ್‌ಹೌಸ್ ಲೇನ್ ದಾಟಿ ಗನ್ ಕ್ವಾರ್ಟರ್‌ಗೆ ಬಂದೆ. ಒಂದು ಕಾಲಕ್ಕೆ ಇಲ್ಲಿನ ಪ್ರತಿ ಹಿತ್ತಿಲಲ್ಲೂ ಒಬ್ಬ ಕೆಲಸಗಾರ: ಒಬ್ಬ ನಳಿಗೆ ಕೊರೆದರೆ ಇನ್ನೊಬ್ಬ ಯಂತ್ರ ಕೂರಿಸುತ್ತಿದ್ದ, ಮಗದೊಬ್ಬ ಅಕ್ರೋಟು ಮರ ಕಡೆಯುತ್ತಿದ್ದ, ಮತ್ತೊಬ್ಬ ಹೂಬಳ್ಳಿ ಕೆತ್ತುತ್ತಿದ್ದ. ಕೋವಿ ಪೂರ್ತಿಯಾಗುವಷ್ಟರಲ್ಲಿ ಹಲವು ಬೀದಿಗಳನ್ನು ಸುತ್ತಿರುತ್ತಿತ್ತು. 1960ರ ದಶಕದ ವರ್ತುಲ ರಸ್ತೆ ಇದರಲ್ಲಿ ಬಹುಪಾಲನ್ನು ನುಂಗಿತು. ಲವ್‌ಡೇ ಸ್ಟ್ರೀಟ್, ಪ್ರೈಸ್ ಸ್ಟ್ರೀಟ್‌ಗಳಲ್ಲಿ ಈಗ ಹಳೆಯ ಗೋಡೆಗಳಿಗಿಂತ ಹೊಸ ವಸತಿ ಸಮುಚ್ಚಯಗಳೇ ಹೆಚ್ಚು.

ಉಳಿದುಕೊಂಡ ಕೆಲವೇ ಕಾರ್ಯಾಗಾರಗಳಲ್ಲಿ ಒಂದರ ಬಾಗಿಲು ನನಗೆ ತೆರೆಯಿತು. ವಯಸ್ಸಾದ ಕುಶಲಕರ್ಮಿ ಸೀಮೆಎಣ್ಣೆ ದೀಪದ ಹೊಗೆಗೆ ಉಕ್ಕಿನ ತುಂಡನ್ನು ಹಿಡಿದು ಮಸಿ ಹತ್ತಿಸಿದರು, ಅದನ್ನು ನಳಿಗೆಗೆ ಜೋಡಿಸಿ ಬಿಡಿಸಿದರು. ಮಸಿ ಅಂಟಿದ ಕಡೆ ಅರದಿಂದ ಒಂದೆರಡು ಸಲ ಉಜ್ಜಿದರು, ಮತ್ತೆ ಮಸಿ. ಎರಡು ಉಕ್ಕುಗಳ ನಡುವೆ ಗಾಳಿಯೂ ತೂರದಂತಾಗುವವರೆಗೆ ಇದೇ ಕೆಲಸ. ಬಣ್ಣದ ಸಂಗತಿ ಇನ್ನೂ ಸೊಗಸು: ಯಂತ್ರಭಾಗವನ್ನು ಮೂಳೆ, ತೊಗಲುಗಳ ಇದ್ದಿಲಿನಲ್ಲಿ ಹುಗಿದು ಕಾಯಿಸಿ ನೀರಿಗೆ ಇಳಿಸಿದರೆ ಮೇಲ್ಮೈ ಗಟ್ಟಿಯಾಗುವುದರ ಜೊತೆಗೆ ನೀಲಿ, ಕಂದು, ಬೂದು ಬಣ್ಣಗಳು ಮೋಡದಂತೆ ಹರಡಿಕೊಳ್ಳುತ್ತವೆ. ಒಂದರ ಚಿತ್ತಾರ ಇನ್ನೊಂದಕ್ಕೆ ಬರುವುದಿಲ್ಲ.

ನಾನು ಕೊಡಗಿನವನೆಂದು ತಿಳಿದು ಅವರು ಹಳೆಯ ಕೋವಿಯೊಂದನ್ನು ಹೊರತೆಗೆದರು. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಮದ್ರಾಸಿನ 'ಪಿ. ಓರ್ ಅಂಡ್ ಸನ್ಸ್' ಎಂಬ ಹೆಸರು! ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆಗಿಡುವ ನಮ್ಮ ಕೋವಿಗಳ ಮೇಲೂ ಇಂಥ ಹೆಸರುಗಳನ್ನು ಓದಿದ್ದೇನೆ. ಅವರು ಮುಂಗೈ ಹಿಡಿಯುವ ಮರವನ್ನು ಕಳಚಿ, ನಳಿಗೆಯನ್ನು ಬೇರ್ಪಡಿಸಿ, ಮಗುಚಿ ತೋರಿಸಿದರು. ಅಡಿಯ ಚಪ್ಪಟೆ ಭಾಗದಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ. ಅಕ್ಷರಗಳು: 1904ರ ನಂತರದ ಬರ್ಮಿಂಗ್‌ಹ್ಯಾಮ್ ಮುದ್ರೆ. ಮದ್ರಾಸಿನವರು ಮಾರಿದ್ದರು, ಅಷ್ಟೇ. ಒಳಗಿನ ಯಂತ್ರ ಆನ್ಸನ್ ಮತ್ತು ಡೀಲಿ ಮಾದರಿಯದು. ಇದೇ ಊರಿನ ವೆಸ್ಟ್ಲಿ ರಿಚರ್ಡ್ಸ್ ಸಂಸ್ಥೆಯ ಈ ಇಬ್ಬರು 1875ರಲ್ಲಿ ರೂಪಿಸಿದ ಈ ಸರಳ ವಿನ್ಯಾಸವನ್ನು ಜಗತ್ತೆಲ್ಲ ನಕಲು ಮಾಡಿತು. ಪರ್ಡಿಯ ಯಂತ್ರ ನೋಡಲು ಚೆಂದ; ಮಳೆನಾಡಿನ ಕಾಫಿ ತೋಟಕ್ಕೆ ಬಿಡಿಭಾಗ ಕಡಿಮೆಯಿರುವ ಇದೇ ಲೇಸು ಎನ್ನುವುದು ನನ್ನ ಪಕ್ಷಪಾತ.

ಸಂಗ್ರಾಹಕರಿಗೆ ಅವರು ಹೇಳುವ ಮೊದಲ ಮಾತು ಅಂದದ ಬಗ್ಗೆಯಲ್ಲ, ತೋಟಾ ಕೂರುವ ಕೋಣೆಯ ಉದ್ದದ ಬಗ್ಗೆ. ಹಳೆಯ ಇಂಗ್ಲಿಷ್ ಹನ್ನೆರಡು ಬೋರ್ ಕೋವಿಗಳಲ್ಲಿ ಅದು ಹೆಚ್ಚಾಗಿ 65 ಮಿಲಿಮೀಟರ್. ಇಂದಿನ ತೋಟಾಗಳು ಸಾಮಾನ್ಯವಾಗಿ 70. ಉದ್ದದ ತೋಟಾ ತುಂಬುವಾಗ ಒಳಗೆ ಹಿಡಿಸಿದಂತೆ ಕಂಡರೂ ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಆಮೇಲೆ ನಳಿಗೆಯ ಗೋಡೆಯ ದಪ್ಪ ಅಳೆಸಬೇಕು. ತುಕ್ಕಿನ ಗುಳಿಗಳನ್ನು ಉಜ್ಜಿ ಉಜ್ಜಿ ಕಾಗದದಷ್ಟು ತೆಳ್ಳಗಾದ ನಳಿಗೆಯೇ ಹರಾಜಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದಂತೆ.

ಬೆಲೆ ಕೇಳಿದೆ. ಇಂಥ, ತಯಾರಕರ ಹೆಸರಿಲ್ಲದ ಬರ್ಮಿಂಗ್‌ಹ್ಯಾಮ್ ಕೋವಿ ಕೆಲವು ನೂರು ಪೌಂಡಿಗೆ ಸಿಗುತ್ತದೆ. ಅದರ ಮರವನ್ನು ಹೊಸದಾಗಿ ಮಾಡಿಸಲು ಹೊರಟರೆ ಕೋವಿಗಿಂತ ಮರವೇ ದುಬಾರಿ ಎಂದು ಹೇಳಿ, ಅವರು ಮತ್ತೆ ದೀಪದ ಬತ್ತಿ ಏರಿಸಿದರು.