ಕೇರಂ ಪೌಡರ್ ಎಂಬ ಸೋಮಾರಿ ಆಮ್ಲ

ಕೇರಂ ಬೋರ್ಡಿಗೆ ಉದುರಿಸುವ ಒಳ್ಳೆಯ ಪೌಡರ್ ಎಂದರೆ ಬೋರಿಕ್ ಆಮ್ಲ. ಅಗ್ಗದ ಡಬ್ಬಿಯಲ್ಲಿ ಪಿಷ್ಟವೋ ಟಾಲ್ಕೋ ಬೆರೆತಿರಬಹುದು. 100 ಮಿ.ಲೀ. ಕುದಿನೀರಿಗೆ 10 ಗ್ರಾಂ ಹಾಕಿ ಕಲಕಿ. ಬೋರಿಕ್ ಆಮ್ಲವಾದರೆ ಪೂರ್ತಿ ಕರಗುತ್ತದೆ, ಪಿಷ್ಟವಿದ್ದರೆ ಗಂಜಿಯಾಗುತ್ತದೆ, ಟಾಲ್ಕ್ ತಳ ಹಿಡಿಯುತ್ತದೆ. ನೀರು ಆರಿದಾಗ ಅರ್ಧದಷ್ಟು ಆಮ್ಲ ಅಭ್ರಕದಂತೆ ಮಿನುಗುವ ಚಕ್ಕೆಗಳಾಗಿ ಮರಳಿ ಬರುತ್ತದೆ. ಅಣುಗಳು ಹಾಳೆ ಹಾಳೆಯಾಗಿ ಜೋಡಿಸಿಕೊಂಡಿವೆ, ಹಾಳೆಗಳ ನಡುವಿನ ಹಿಡಿತ ಸಡಿಲ. ಕಾಯಿ ಜಾರುವುದು ಅದಕ್ಕೇ.

ಸೂತ್ರದಲ್ಲಿ (H₃BO₃) ಮೂರು ಹೈಡ್ರೋಜನ್ ಕಂಡು ಇದನ್ನು, ಮೂರು ಪ್ರೋಟಾನ್ (ಹೈಡ್ರೋಜನ್ ಅಯಾನು) ಕೊಡಬಲ್ಲ ಫಾಸ್ಫಾರಿಕ್ ಆಮ್ಲದ ಸಾಲಿಗೆ ಸೇರಿಸುವುದು ಹಳೆಯ ತಪ್ಪು. ಇದು ತನ್ನ ಒಂದು ಪ್ರೋಟಾನನ್ನೂ ಬಿಟ್ಟುಕೊಡುವುದಿಲ್ಲ. ಎಂಟು ಬೇಕಾದಲ್ಲಿ ಬೋರಾನಿನ ಸುತ್ತ ಆರೇ ಎಲೆಕ್ಟ್ರಾನ್. ಆ ಕೊರತೆ ನೀಗಲು ನೀರಿನಿಂದ ಒಂದು ಹೈಡ್ರಾಕ್ಸೈಡ್ ಕಿತ್ತುಕೊಳ್ಳುತ್ತದೆ, ಒಂಟಿಯಾಗಿ ಉಳಿದ ಪ್ರೋಟಾನ್ ನೀರಿನದು. ಪಿಕೆಎ (ಆಮ್ಲದ ಬಲದ ಅಳತೆ, ಹೆಚ್ಚಿದಷ್ಟೂ ದುರ್ಬಲ) 9.24. ವಿನೆಗರಿನ ಆಮ್ಲಕ್ಕಿಂತ ಸುಮಾರು 30,000 ಪಟ್ಟು ದುರ್ಬಲ. ಹಾಗೆಂದು ನಿರಪಾಯವಲ್ಲ: ಗಾಯದ ಮೇಲೆ, ಮಕ್ಕಳ ಮೈಗೆ ಬಳಸಬಾರದು.

ಲ್ಯಾಬಿನಲ್ಲಿ ಮಾಡುವುದಾದರೆ 38 ಗ್ರಾಂ ಬಿಳಿಗಾರವನ್ನು (ಬೋರಾಕ್ಸ್) 100 ಮಿ.ಲೀ. ಕುದಿನೀರಿನಲ್ಲಿ ಕರಗಿಸಿ, 18 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸಿ. ಲಿಟ್ಮಸ್ ನಂಬಬೇಡಿ, ಮೀಥೈಲ್ ಆರೆಂಜ್ ಎಂಬ ಬಣ್ಣ ಬದಲಿಸುವ ಸೂಚಕ ನೋಡಿ. ಬೋರಿಕ್ ಆಮ್ಲಕ್ಕೆ ಅದು ಹಳದಿಯಾಗಿಯೇ ಇರುತ್ತದೆ. ಕೆಂಪಾಯಿತೆಂದರೆ ಬಿಳಿಗಾರವೆಲ್ಲ ಮುಗಿದು ಹೈಡ್ರೋಕ್ಲೋರಿಕ್ ಮಿಕ್ಕಿದೆ ಎಂದರ್ಥ. ಐಸಿನಲ್ಲಿಟ್ಟು ತಣಿಸಿ, ಸೋಸಿ. ತೊಳೆಯಲು ಐಸ್ ನೀರೇ ಬೇಕು, ಅದೂ ಸ್ವಲ್ಪ. ನಲ್ಲಿ ನೀರು ಸುರಿದರೆ ಇಳುವರಿ ಸಿಂಕಿನ ಪಾಲು. ಲೆಕ್ಕದ ಪ್ರಕಾರ 24.6 ಗ್ರಾಂ ಬರಬೇಕು, ದ್ರಾವಣದಲ್ಲಿ ಉಳಿಯುವುದನ್ನು ಕಳೆದು 20 ಸಿಕ್ಕರೂ ಚೆನ್ನ.

ಶುದ್ಧತೆ ಅಳೆಯುವಾಗ ನೇರವಾಗಿ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟರೆ ಕ್ಷಾರ ತೋರಿಸುವ ಸೂಚಕ ಫಿನಾಲ್ಫ್ತಲೀನಿನ ಗುಲಾಬಿ ಬಣ್ಣ ಬೇಗನೆ ಇಣುಕಿ, ಎಲ್ಲಿ ನಿಲ್ಲಿಸಬೇಕೆಂದೇ ತಿಳಿಯುವುದಿಲ್ಲ. 0.2 ಗ್ರಾಂ ಆಮ್ಲವನ್ನು 50 ಮಿ.ಲೀ. ನೀರಿನಲ್ಲಿ ಕರಗಿಸಿ, 8 ಗ್ರಾಂ ಮ್ಯಾನಿಟಾಲ್ (ಸಕ್ಕರೆಯಂಥ ಒಂದು ಆಲ್ಕೊಹಾಲ್) ಹಾಕಿ. ಅದರ ಅಕ್ಕಪಕ್ಕದ ಹೈಡ್ರಾಕ್ಸಿಲ್‌ಗಳು ಬೋರಾನನ್ನು ಇಕ್ಕಳದಂತೆ ಹಿಡಿಯುತ್ತವೆ, ಸೋಮಾರಿ ಆಮ್ಲ ಚುರುಕಾಗುತ್ತದೆ. ಆಮ್ಲ ಶುದ್ಧವಾಗಿದ್ದರೆ 0.1 ನಾರ್ಮಲ್ (ಸಾಂದ್ರತೆಯ ಅಳತೆ) ಕ್ಷಾರ 32.3 ಮಿ.ಲೀ. ಹೋಗಬೇಕು. ಗುಲಾಬಿ ಬಂದ ಮೇಲೆ ಇನ್ನೊಂದು ಚಿಟಿಕೆ ಮ್ಯಾನಿಟಾಲ್ ಹಾಕಿ ನೋಡಿ. ಬಣ್ಣ ಮಾಸಿದರೆ ಇನ್ನೂ ಮುಗಿದಿಲ್ಲ.

ಕೆಲವೊಮ್ಮೆ ಶುದ್ಧತೆ ಶೇ. 100 ದಾಟುತ್ತದೆ. ಕ್ಷಾರ ಅಳೆದು ಬಿಡುವ ಬ್ಯುರೆಟ್ಟನ್ನು ಬೈಯುವ ಮೊದಲು ಓವನ್ ನೋಡಿ: 100 ಡಿಗ್ರಿ ಮೀರಿ ಒಣಗಿಸಿದರೆ ನೀರು ಕಳೆದುಕೊಂಡು ಮೆಟಾಬೋರಿಕ್ ಆಮ್ಲವಾಗಿ, ಅಷ್ಟೇ ತೂಕದಲ್ಲಿ ಹೆಚ್ಚು ಬೋರಾನ್ ಕೂತಿರುತ್ತದೆ.