ಉಗುರು ಎಲ್ಲಿ ಎದ್ದಿದೆ, ಮೊದಲು ಅದನ್ನು ನೋಡಿ

ತುಮಕೂರಿನ ಎಸ್.ಎಸ್. ಪುರಂ ಕಡೆ ಒಂದು ಸಣ್ಣ ಬ್ಯೂಟಿ ಪಾರ್ಲರ್‌ನಲ್ಲಿ ನಾನು ಉಗುರಿನ ಕೆಲಸ ನೋಡಿಕೊಳ್ಳುತ್ತೇನೆ. ಸ್ವಂತ ಉಗುರಿನ ಮೇಲೆ ಜೆಲ್, ಅಕ್ರಿಲಿಕ್ ಎಕ್ಸ್‌ಟೆನ್ಶನ್ (ಉದ್ದದ ಕೃತಕ ಉಗುರು) ಹಾಕುವುದು, ಉಗುರು ಬೆಳೆದಾಗ ಬುಡದಲ್ಲಿ ಖಾಲಿಯಾದ ಜಾಗ ತುಂಬುವ ರೀಫಿಲ್ ಮಾಡುವುದು, ತೆಗೆಯುವುದು. ಈ ಕಸುಬಿನಲ್ಲಿ ಬಣ್ಣಕ್ಕೆ, ಡಿಸೈನಿಗೆ ಜಗಳ ಬರುವುದು ಕಡಿಮೆ. ಜಗಳ ಬರುವುದು ಹಾಕಿದ ಉಗುರು ಎದ್ದಾಗ, ಅಂದರೆ ಸ್ವಂತ ಉಗುರಿನಿಂದ ಬಿಟ್ಟುಕೊಂಡಾಗ. "ಹೋದ ವಾರ ತಾನೇ ಹಾಕ್ಸಿದ್ದು ಕಣಕ್ಕ, ನೋಡಿ ಹೆಂಗೆ ಎದ್ದೈತೆ" ಅಂತ ಗಿರಾಕಿ ಕೈ ಚಾಚುತ್ತಾರೆ. ಟೇಬಲ್ಲಿನ ಈ ಕಡೆಯ ಉತ್ತರವೂ ರೆಡಿ ಇರುತ್ತದೆ: "ಮನೇಲಿ ನೀರಲ್ಲಿ ಜಾಸ್ತಿ ಕೆಲಸ ಮಾಡಿದ್ದೀರ." ಇಬ್ಬರೂ ಉಗುರನ್ನು ಸರಿಯಾಗಿ ನೋಡಿರುವುದೇ ಇಲ್ಲ.

ಕೆಲಸ ಕಲಿಯಲು ಬರುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ. ತಪ್ಪು ಯಾರದು ಅಂತ ವಾದಕ್ಕೆ ಇಳಿಯಬೇಡಿ. ಎಲ್ಲಿ ಎದ್ದಿದೆ ನೋಡಿ. ಎಷ್ಟು ದಿನಕ್ಕೆ ಎದ್ದಿತು ಕೇಳಿ. ಯಾವ ಕೈ, ಯಾವ ಬೆರಳು ಗಮನಿಸಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.

ಹಾಕಿದ ವಾರದೊಳಗೆ, ಕ್ಯೂಟಿಕಲ್ (ಉಗುರಿನ ಬುಡದ ಚರ್ಮ) ಕಡೆಯಿಂದ, ಒಂದಕ್ಕಿಂತ ಹೆಚ್ಚು ಬೆರಳಲ್ಲಿ ಎದ್ದಿದ್ದರೆ ಅದು ಹೆಚ್ಚಾಗಿ ನಮ್ಮ ಟೇಬಲ್ಲಿನ ವಿಷಯ. ಉಗುರಿನ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಸತ್ತ ಚರ್ಮ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ತೆಗೆಯದೆ ಜೆಲ್ ಹಾಕಿದರೆ ಜೆಲ್ ಹಿಡಿದುಕೊಳ್ಳುವುದು ಉಗುರನ್ನಲ್ಲ, ಆ ಚರ್ಮವನ್ನು. ಅದು ಕಳಚಿಕೊಂಡಾಗ ಜೆಲ್ಲೂ ಏಳುತ್ತದೆ. ಬ್ರಷ್ಷಿನಲ್ಲಿ ಜಾಸ್ತಿ ತಗೊಂಡು ಜೆಲ್ ಸುತ್ತಲಿನ ಚರ್ಮಕ್ಕೆ ಹರಿದರೂ ಹೀಗೇ. ಚರ್ಮ ಅಲ್ಲಾಡುತ್ತದೆ, ಎಣ್ಣೆ ಬಿಡುತ್ತದೆ. ಅಲ್ಲಿಂದ ಶುರುವಾದ ಸಂದು ಒಳಕ್ಕೆ ಹೋಗುತ್ತದೆ.

ಇದಕ್ಕೆ ಮದ್ದು ಅಂತ ಕೆಲವರು ಉಗುರನ್ನು ಸಿಕ್ಕಾಪಟ್ಟೆ ಫೈಲ್ ಮಾಡುತ್ತಾರೆ. ಒರಟಾದಷ್ಟೂ ಗಟ್ಟಿ ಹಿಡಿಯುತ್ತದೆ ಅನ್ನುವ ನಂಬಿಕೆ. ಆಗುವುದು ಉಲ್ಟಾ. ತೆಳ್ಳಗಾದ ಉಗುರು ಬಾಗುತ್ತದೆ, ಮೇಲಿನ ಜೆಲ್ ಅಷ್ಟು ಬಾಗುವುದಿಲ್ಲ, ನಡುವೆ ಬಿಡುತ್ತದೆ. ಮೇಲಿನ ಹೊಳಪು ಹೋದರೆ ಸಾಕು. 180 ಗ್ರಿಟ್ (ಒರಟುತನದ ಅಳತೆ) ಫೈಲಿನಲ್ಲಿ ಮೃದುವಾಗಿ ಎರಡು ಸಲ ಎಳೆದರೆ ಅದು ಹೋಗುತ್ತದೆ.

ಎರಡೂ ಹೆಬ್ಬೆರಳು ಮಾತ್ರ ಎದ್ದಿದ್ದರೆ ನಾನು ಮೊದಲು ಜೆಲ್ ಗಟ್ಟಿ ಮಾಡುವ ಲ್ಯಾಂಪ್ ಕಡೆ ನೋಡುತ್ತೇನೆ. ಐದು ಬೆರಳನ್ನೂ ಒಟ್ಟಿಗೆ ಒಳಗಿಟ್ಟರೆ ಹೆಬ್ಬೆರಳು ಪಕ್ಕಕ್ಕೆ ವಾಲಿಕೊಳ್ಳುತ್ತದೆ. ಬೆಳಕು ನೇರ ಬೀಳುವುದಿಲ್ಲ. ಮೇಲೆ ಗಟ್ಟಿಯಾದಂತೆ ಕಂಡರೂ ಒಳಗೆ ಪೂರ್ತಿ ಕ್ಯೂರ್ ಆಗಿರುವುದಿಲ್ಲ. ಅದಕ್ಕೇ ಹೆಬ್ಬೆರಳುಗಳನ್ನು ಬೇರೆಯಾಗಿ ಇಡಿಸುವುದು. ಲ್ಯಾಂಪ್ ಮತ್ತು ಜೆಲ್ ಹೊಂದಬೇಕು ಅನ್ನುವುದೂ ಇದೇ ಕಾರಣಕ್ಕೆ. ಈಗಿನ ಎಲ್ಇಡಿ ಲ್ಯಾಂಪುಗಳು ಹೆಚ್ಚಾಗಿ 365 ಮತ್ತು 405 ನ್ಯಾನೋಮೀಟರ್ ಬೆಳಕು ಕೊಡುತ್ತವೆ. ನಮ್ಮ ಜೆಲ್ಲಿಗೆ ಬೇಕಾದ ಬೆಳಕು ಆ ಲ್ಯಾಂಪಿನಲ್ಲಿ ಇಲ್ಲದಿದ್ದರೆ ಎಷ್ಟು ಹೊತ್ತು ಇಟ್ಟರೂ ಸುಮ್ನೆ. ಇನ್ನು ಗಿರಾಕಿ "ಸುಡ್ತಿದೆ" ಅಂತ ಕೈ ಹೊರಗೆಳೆದರೆ ಬೈಯಬೇಡಿ. ಜೆಲ್ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ದಪ್ಪ ಹಚ್ಚಿದಷ್ಟೂ ಜಾಸ್ತಿ. ತೆಳ್ಳಗೆ ಎರಡು ಕೋಟ್ ಹಾಕಿದರೆ ಆ ಮಾತೇ ಬರುವುದಿಲ್ಲ.

ನಮ್ಮ ಊರಿನ ಪಾರ್ಲರ್‌ಗಳಲ್ಲಿ ನಾನು ಕಂಡ ಇನ್ನೊಂದು ಕಾರಣ ಪ್ಯಾಕೇಜ್. ಮ್ಯಾನಿಕ್ಯೂರ್ ಜೊತೆ ಎಕ್ಸ್‌ಟೆನ್ಶನ್, ಒಂದೇ ದಿನ, ಒಂದೇ ರೇಟ್. ಮೊದಲು ಬಿಸಿನೀರಿನ ಬೋಗುಣಿಯಲ್ಲಿ ಕೈ ನೆನೆಸಿ, ಕ್ರೀಮ್ ತಿಕ್ಕಿ, ಆಮೇಲೆ ಅದೇ ಕೈಗೆ ಜೆಲ್. ಉಗುರು ಅಂದರೆ ಪದರ ಪದರವಾಗಿ ಕೂತ ಕೆರಾಟಿನ್. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಉಬ್ಬಿದ ಉಗುರಿನ ಮೇಲೆ ಜೆಲ್ ಕೂರಿಸಿದರೆ ರಾತ್ರಿ ಉಗುರು ಕುಗ್ಗುವಾಗ ಹಿಡಿತ ಸಡಿಲವಾಗುತ್ತದೆ. ಎರಡನ್ನೂ ಬೇರೆ ಬೇರೆ ದಿನ ಮಾಡಿ, ಇಲ್ಲವಾದರೆ ಆ ಮ್ಯಾನಿಕ್ಯೂರನ್ನು ನೀರಿಲ್ಲದೆ ಮಾಡಿ. ಓನರ್‌ಗೆ ಇದು ಇಷ್ಟ ಆಗುವುದಿಲ್ಲ, ಗೊತ್ತು.

ಮದುವೆ ಸೀಸನ್ ಬಂದರೆ ಎಣ್ಣೆಯದೇ ದೊಡ್ಡ ಕಥೆ. ಮದುಮಗಳು ಮೆಹೆಂದಿ ಹಾಕಿಸಿಕೊಂಡಿರುತ್ತಾಳೆ. ಬಣ್ಣ ಕಟ್ಟಲಿ ಅಂತ ಸಕ್ಕರೆ ನಿಂಬೆರಸ, ಆಮೇಲೆ ನೀಲಗಿರಿ ಎಣ್ಣೆ, ಕೊನೆಗೆ ಕೊಬ್ಬರಿ ಎಣ್ಣೆ. ಮಾರನೇ ದಿನ ನಮ್ಮ ಹತ್ತಿರ ಬರುತ್ತಾಳೆ. ಕೈ ಸೋಪು ಹಾಕಿ ತೊಳಿ ಅಂದರೆ ಪಕ್ಕದಲ್ಲಿ ನಿಂತ ಅತ್ತಿಗೆ ಹೌಹಾರುತ್ತಾರೆ. "ಅಯ್ಯೋ, ಸೋಪು ಹಾಕಿದ್ರೆ ಬಣ್ಣ ಹೋಗಲ್ವಾ?" ಇಂಥ ಕಡೆ ನಾನು ಜುಂಗು ಬಿಡದ ವೈಪ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಗುರನ್ನು ಮಾತ್ರ ಒರೆಸುತ್ತೇನೆ, ಒಂದೊಂದಕ್ಕೂ ಹೊಸ ವೈಪ್. ಫೈಲ್ ಮಾಡಿದ ಮೇಲೆ ಇನ್ನೊಂದು ಸಲ. ಆಮೇಲೆ ಉಗುರಿನ ತೇವ ಎಳೆಯುವ ಡಿಹೈಡ್ರೇಟರ್, ಜೆಲ್ ಹಿಡಿಸುವ ಪ್ರೈಮರ್. ಪ್ರೈಮರ್ ಹಚ್ಚಿದ ಮೇಲೆ ಗಿರಾಕಿ ಕೂದಲು ಸರಿ ಮಾಡಿಕೊಂಡರೆ ಮತ್ತೆ ಮೊದಲಿಂದ. ಎಣ್ಣೆ ಹಾಕಿದ ತಲೆಗೂದಲು ಅದು!

ಮದುವೆ ಮನೆಯವರಿಗೆ ನಾನು ಹೇಳುವ ಕ್ರಮ ಹೀಗಿದೆ: ಮೆಹೆಂದಿ ಮೊದಲು, ಅರಿಶಿನ ಎಣ್ಣೆ ಶಾಸ್ತ್ರ ಆಮೇಲೆ, ಉಗುರು ಕೊನೆಗೆ. ಉಗುರು ಹಾಕಿಸಿಕೊಂಡು ಅರಿಶಿನಕ್ಕೆ ಕೂತರೆ ತೆಳು ಗುಲಾಬಿ ಜೆಲ್ ಹಳದಿ ಬಣ್ಣಕ್ಕೆ ತಿರುಗುತ್ತದೆ. ಫೋಟೋದಲ್ಲಿ ಅದೇ ಎದ್ದು ಕಾಣುತ್ತದೆ. ಯುಗಾದಿ, ದೀಪಾವಳಿಗೂ ಇದೇ ಮಾತು. ಎಣ್ಣೆ ಸ್ನಾನದ ದಿನ ನೇರ ನಮ್ಮ ಟೇಬಲ್ಲಿಗೆ ಬರಬೇಡಿ.

ಈಗ ಮನೆಯ ಪಾಲು. ಹತ್ತು ಹದಿನೈದು ದಿನ ಚೆನ್ನಾಗಿದ್ದು, ಆಮೇಲೆ ತುದಿಯಲ್ಲಿ ಅಥವಾ ಪಕ್ಕದಲ್ಲಿ ಎದ್ದಿದ್ದರೆ ಕೈ ಮಾಡಿದ ಕೆಲಸ ಕೇಳಬೇಕು. ಬಲಗೈಯವರಿಗೆ ಬಲಗೈಯಲ್ಲೇ ಜಾಸ್ತಿ ಎದ್ದಿದೆ ಅಂದರೆ ಅನುಮಾನ ಇನ್ನೂ ಗಟ್ಟಿ. ಎರಡೂ ಕೈ ಸಮವಾಗಿ ಎದ್ದಿದ್ದರೆ ನಾನು ಮತ್ತೆ ನನ್ನ ಪ್ರೈಮರ್ ಬಾಟಲಿ ಕಡೆ ತಿರುಗುತ್ತೇನೆ.

ಇಲ್ಲಿ ಜನ ನೀರಿಗೆ ಹೆದರುವುದು ಸ್ವಲ್ಪ ತಪ್ಪು ಜಾಗದಲ್ಲಿ. ಮುದ್ದೆ ಕಟ್ಟುವಾಗ ಕೈ ಒದ್ದೆ ಮಾಡಿಕೊಳ್ಳುತ್ತೇವಲ್ಲ, ಅದರಿಂದ ಏನೂ ಆಗುವುದಿಲ್ಲ. ಅರ್ಧ ಗಂಟೆ ಪಾತ್ರೆ ತಿಕ್ಕುವುದು, ಸೋಪಿನ ನೀರಲ್ಲಿ ಬೆಡ್‌ಶೀಟ್ ಹಿಂಡುವುದು, ಫಿನಾಯಿಲ್ ಬ್ಲೀಚಿಂಗ್ ಪುಡಿ ಮುಟ್ಟುವುದು, ಇವು ಕೆಲಸ ಕೆಡಿಸುತ್ತವೆ. ದಿನಕ್ಕೆ ನಾಲ್ಕು ಸಲ ಉಗುರು ಉಬ್ಬಿ ಕುಗ್ಗುತ್ತದೆ, ಮೇಲಿನ ಜೆಲ್ ಅದರ ಜೊತೆ ಹೋಗುವುದಿಲ್ಲ. ಗ್ಲೌಸ್ ಹಾಕಿ ಅಂದರೆ "ನಮ್ಮತ್ತೆ ನಗ್ತಾರೆ ಅಕ್ಕ" ಅನ್ನುತ್ತಾರೆ. ನಗಲಿ ಬಿಡಿ. ಆದರೆ ಗ್ಲೌಸ್ ಒಳಗೆ ನೀರು ಹೋಗಿದ್ದರೆ ತಕ್ಷಣ ತೆಗೆಯಬೇಕು. ಒದ್ದೆ ಗ್ಲೌಸಿಗಿಂತ ಬರಿಗೈ ವಾಸಿ.

ನೀರಿಗಿಂತ ಜಾಸ್ತಿ ಹಾಳು ಮಾಡುವುದು ಉಗುರನ್ನು ಮೀಟುಗೋಲಿನ ಥರ ಬಳಸುವುದು. ಡಬ್ಬಿ ಮುಚ್ಚಳ, ಸ್ಟಿಕ್ಕರ್ ಕೆರೆಯುವುದು, ಕೀ ಬಂಚ್ ಬಿಡಿಸುವುದು. ನಮ್ಮ ಜಿಲ್ಲೆಯಲ್ಲಿ ಹುಣಸೆ ಕಾಲದಲ್ಲಿ ಹಳ್ಳಿ ಕಡೆಯ ಗಿರಾಕಿಗಳ ಉಗುರು ನೋಡಿದರೇ ಗೊತ್ತಾಗುತ್ತದೆ. ಸಿಪ್ಪೆ, ನಾರು, ಬೀಜ ಎಲ್ಲ ಬೆರಳ ತುದಿಯಲ್ಲೇ ಬಿಡಿಸುವುದು. ತಿಪಟೂರು ಕಡೆಯವರಾದರೆ ಚಿಪ್ಪಿನಿಂದ ಕೊಬ್ಬರಿ ಎಬ್ಬಿಸುವುದು. ಉಗುರು ಉದ್ದ ಇದ್ದಷ್ಟೂ ತುದಿಯಲ್ಲಿ ಬಿದ್ದ ಸಣ್ಣ ಒತ್ತಡ ಬುಡಕ್ಕೆ ದೊಡ್ಡದಾಗಿ ಬೀಳುತ್ತದೆ. ಇಂಥವರಿಗೆ ನಾನು ಉದ್ದದ, ತುದಿ ಚಪ್ಪಟೆಯಾದ ಕಾಫಿನ್ ಆಕಾರ ಹಾಕಿಕೊಡುವುದಿಲ್ಲ. ಗಿಡ್ಡ, ದುಂಡು. ಬೇಜಾರು ಮಾಡಿಕೊಂಡು ಹೋದವರೂ ಇದ್ದಾರೆ.

ಒಂದೇ ಬೆರಳು ಪದೇ ಪದೇ ಏಳುತ್ತಿದ್ದರೆ ಅದು ಅಭ್ಯಾಸದ್ದು. ಟೆನ್ಶನ್ ಆದಾಗ ಕೀಳುವ ಬೆರಳು ಎಲ್ಲರಿಗೂ ಒಂದಿರುತ್ತದೆ. ಮಾತಾಡುತ್ತಾ ಕೂತಾಗಲೇ ಕಾಣುತ್ತದೆ.

ಎಣ್ಣೆ ಬೇಡ ಅಂತ ಇಷ್ಟೊತ್ತು ಹೇಳಿ ಈಗ ಎಣ್ಣೆ ಹಚ್ಚಿ ಅನ್ನುತ್ತೇನೆ, ಗಲಿಬಿಲಿ ಬೇಡ. ಹಾಕುವ ಮೊದಲು ಉಗುರಿನ ಮೇಲೆ ಎಣ್ಣೆ ಇರಬಾರದು. ಹಾಕಿದ ಮೇಲೆ ಪ್ರತಿ ರಾತ್ರಿ ಬುಡಕ್ಕೆ, ಸುತ್ತಲಿನ ಚರ್ಮಕ್ಕೆ ಒಂದು ಹನಿ ತಿಕ್ಕಬೇಕು. ಉಗುರು ಒಣಗಿ ಬಿರುಸಾಗದೆ ಬಳಕುತ್ತಿರುತ್ತದೆ. ಜೊಜೊಬಾ ಎಣ್ಣೆ ಒಳ್ಳೆಯದು, ದುಡ್ಡು ಜಾಸ್ತಿ ಅನ್ನಿಸಿದರೆ ಮನೆಯ ಕೊಬ್ಬರಿ ಎಣ್ಣೆ ಹಚ್ಚಿ. ಏನೂ ಹಚ್ಚದೆ ಇರುವುದಕ್ಕಿಂತ ಅದು ಮೇಲು.

ರೀಫಿಲ್ ವಿಷಯ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಗಟ್ಟಿ ಇರಲಿ ಅಂತ ನಾವು ಉಗುರಿನ ಮೇಲೆ ಬೇಕಾದ ಜಾಗದಲ್ಲಿ ಕೂರಿಸಿದ ಜೆಲ್ಲಿನ ಉಬ್ಬು ಅದರ ಜೊತೆ ಮುಂದೆ ಹೋಗುತ್ತದೆ. ಭಾರವೆಲ್ಲ ತುದಿಗೆ ಬೀಳುತ್ತದೆ, ಬುಡ ಏಳುತ್ತದೆ. ಎರಡರಿಂದ ಮೂರು ವಾರಕ್ಕೆ ಬನ್ನಿ ಅನ್ನುವುದು ದುಡ್ಡಿನ ಆಸೆಗಲ್ಲ. ಶಿರಾದಿಂದ, ಪಾವಗಡದಿಂದ ಬಸ್ಸಲ್ಲಿ ಬರುವವರು "ಮುಂದಿನ ಹಬ್ಬಕ್ಕೆ ಬರ್ತೀನಿ" ಅಂದರೆ ನಾನು ಎಕ್ಸ್‌ಟೆನ್ಶನ್ನೇ ಬೇಡ ಅನ್ನುತ್ತೇನೆ. ಫಂಕ್ಷನ್ ಇದ್ದರೆ ಪ್ರೆಸ್-ಆನ್ (ರೆಡಿಮೇಡ್ ಉಗುರು) ಅಂಟಿಸಿಕೊಳ್ಳಿ, ಮುಗಿದ ಮೇಲೆ ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ ನಿಧಾನವಾಗಿ ತೆಗೆಯಿರಿ.

ಎದ್ದದ್ದಕ್ಕಿಂತ ನನಗೆ ಭಯ ಎದ್ದ ಮೇಲೆ ಜನ ಮಾಡುವ ಕೆಲಸ. ಅಂಗಡಿಯಲ್ಲಿ ಸಿಗುವ ಚಿಕ್ಕ ಟ್ಯೂಬಿನ ಗ್ಲೂ ತಂದು ಸಂದಿಗೆ ಬಿಡುತ್ತಾರೆ. ಮೇಲೆ ಮುಚ್ಚಿಕೊಂಡಿತು, ಒಳಗೆ ತೇವ ಹಾಗೇ ಉಳಿಯಿತು. ಆ ತೇವದಲ್ಲಿ ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ಬಣ್ಣಕ್ಕೆ ಉಗುರು ಹಸಿರಾಗುತ್ತದೆ. ಎಲ್ಲರೂ ಇದನ್ನು ಫಂಗಸ್ ಅಂದುಕೊಂಡು ಮೆಡಿಕಲ್ ಸ್ಟೋರಿನಿಂದ ಫಂಗಸ್ ಮುಲಾಮು ತಂದು ಹಚ್ಚುತ್ತಾರೆ. ಬ್ಯಾಕ್ಟೀರಿಯಾಕ್ಕೆ ಅದರಿಂದ ಏನಾಗಬೇಕು? ಮೊದಲು ಮಾಡಬೇಕಾದ್ದು ಮೇಲಿನ ಜೆಲ್ ತೆಗೆಸುವುದು, ಉಗುರನ್ನು ಒಣಗಿಸುವುದು. ನೋವು, ಊತ, ಕೀವು ಇದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಲೇಬೇಕು. ಬ್ಯಾಕ್ಟೀರಿಯಾ ಹೋದರೂ ಕಲೆ ಉಳಿಯಬಹುದು, ಉಗುರು ಬೆಳೆದಂತೆ ಅದು ತುದಿಗೆ ಬಂದು ಹೋಗುತ್ತದೆ. "ಕಾಣದಂಗೆ ಮೇಲೆ ಡಾರ್ಕ್ ಕಲರ್ ಹಾಕ್ಬಿಡಿ" ಅನ್ನುವವರಿಗೆ ನಾನು ಬ್ರಷ್ ಕೈಗೆತ್ತಿಕೊಳ್ಳುವುದಿಲ್ಲ.

ಉಗುರಿನ ಸುತ್ತ ನವೆ, ಕೆಂಪು, ಸಣ್ಣ ಗುಳ್ಳೆ ಬಂದರೆ ಅದು ಬೇರೆ. ಕ್ಯೂರ್ ಆಗದ ಜೆಲ್ ಚರ್ಮಕ್ಕೆ ತಾಗಿ ತಾಗಿ ಅಲರ್ಜಿ ಆಗಿರಬಹುದು. ಆನ್‌ಲೈನ್ ಕಿಟ್ ತರಿಸಿ ಮನೆಯಲ್ಲೇ ಹಾಕಿಕೊಳ್ಳುವವರು ಇದನ್ನು ಗಮನಿಸಿ. ಜೆಲ್ಲಿನಲ್ಲಿರುವ ಹೇಮಾ (HEMA) ಅನ್ನುವ ರಾಸಾಯನಿಕ ಇದಕ್ಕೆ ಹೆಸರುವಾಸಿ. ಅದಿರುವ ಉಗುರಿನ ಪದಾರ್ಥಗಳನ್ನು ವೃತ್ತಿಯವರು ಮಾತ್ರ ಬಳಸಬೇಕು ಅಂತ ಯುರೋಪಿನಲ್ಲಿ 2020ರಲ್ಲೇ ನಿಯಮ ತಂದರು. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಮುಂದೆ ಹಲ್ಲಿಗೆ ಫಿಲ್ಲಿಂಗ್ ಮಾಡಿಸುವಾಗಲೂ ತೊಂದರೆ ಕೊಡಬಹುದು.

ಎರಡು ತಿಂಗಳಾದರೂ ಒಂಚೂರೂ ಎದ್ದಿಲ್ಲ ಅಂತ ಯಾರಾದರೂ ಬೇರೆ ಕಡೆ ಹಾಕಿಸಿದ ಅಕ್ರಿಲಿಕ್ ತೋರಿಸಿದರೆ ನನಗೆ ಖುಷಿ ಆಗುವುದಿಲ್ಲ. ಮೀಥೈಲ್ ಮೆಥಾಕ್ರಿಲೇಟ್ ಅನ್ನುವ ಅಗ್ಗದ ದ್ರವ ಬಳಸಿದ್ದರೆ ಉಗುರು ಕಲ್ಲಿನಂತೆ ಗಟ್ಟಿಯಾಗುತ್ತದೆ, ಉಗುರು ತೆಗೆಯಲು ಬಳಸುವ ಅಸಿಟೋನ್‌ಗೂ ಬೇಗ ಕರಗುವುದಿಲ್ಲ. ಎಲ್ಲಾದರೂ ತಗುಲಿದರೆ ಅದು ಮುರಿಯುವ ಬದಲು ಕೆಳಗಿನ ಸ್ವಂತ ಉಗುರೇ ಕಿತ್ತುಬರುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲೇ ಇದರ ಮೇಲೆ ಕ್ರಮ ತಗೊಂಡಿದ್ದಾರೆ.

ಊರಲ್ಲಿ ಮೆಡಿಕಲ್, ನರ್ಸಿಂಗ್ ಕಾಲೇಜುಗಳಿವೆ, ಅಲ್ಲಿನ ಹುಡುಗಿಯರೂ ಬರುತ್ತಾರೆ. ರೋಗಿಗಳನ್ನು ಮುಟ್ಟುವವರು ಕೃತಕ ಉಗುರು ಹಾಕಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರ ಕೈ ಶುಚಿತ್ವದ ಮಾರ್ಗಸೂಚಿಯಲ್ಲೇ ಹೇಳಿದೆ. ಚೆನ್ನಾಗಿ ಅಂಟಿದ್ದರೂ ಸರಿ, ಎದ್ದಿದ್ದರೂ ಸರಿ. ರಜೆ ಎಷ್ಟು ದಿನ ಅಂತ ಕೇಳಿಯೇ ಟೇಬಲ್ಲಿಗೆ ಕೂರಿಸುತ್ತೇನೆ.

ಇನ್ನು ದುಡ್ಡಿನ ಲೆಕ್ಕ. ವಾರದೊಳಗೆ ಬುಡದಲ್ಲಿ ಎದ್ದರೆ ನಾನು ಫ್ರೀಯಾಗಿ ಸರಿ ಮಾಡಿಕೊಡುತ್ತೇನೆ, ಪ್ರಶ್ನೆ ಕೇಳುವುದಿಲ್ಲ. ಆಮೇಲೆ ತುದಿ ಎದ್ದರೆ ಉಗುರಿಗೆ ಇಷ್ಟು ಅಂತ ಚಾರ್ಜ್ ಇದೆ. ಹಸಿರಾಗಿದ್ದನ್ನು ತೆಗೆಯುವುದಕ್ಕೆ ಮಾತ್ರ ಯಾರ ಹತ್ತಿರವೂ ದುಡ್ಡು ತಗೊಳ್ಳುವುದಿಲ್ಲ, ಬೇರೆ ಪಾರ್ಲರ್‌ನಲ್ಲಿ ಹಾಕಿಸಿದ್ದಾದರೂ. ಅದಕ್ಕೂ ರೇಟ್ ಹೇಳಿದರೆ ಮನೆಗೆ ಹೋಗಿ ಹಲ್ಲಲ್ಲಿ ಕಚ್ಚಿ ಕೀಳುತ್ತಾರೆ.