ತೂಲೂಜ್ ಪಕ್ಕದ ಬ್ಲಾನ್ಯಾಕ್‌ನಲ್ಲಿ ಗಣೇಶ ಚೌತಿ

ನೈಋತ್ಯ ಫ್ರಾನ್ಸಿನ ತೂಲೂಜ್ ಮಹಾನಗರಕ್ಕೆ ಅಂಟಿಕೊಂಡಂತೆ, ಗರೋನ್ ನದಿಯ ದಂಡೆಯಲ್ಲಿರುವ ಬ್ಲಾನ್ಯಾಕ್ ವಿಮಾನಗಳ ಪಟ್ಟಣ. ಏರ್‌ಬಸ್ ಕಂಪನಿಯ ಮುಖ್ಯ ಕಚೇರಿ ಇಲ್ಲಿರುವುದರಿಂದ ಬೆಂಗಳೂರಿನಿಂದ ಕೆಲಸಕ್ಕೆಂದು ಬಂದು ನೆಲೆಸಿದ ನಮ್ಮಂಥವರೂ ಇದ್ದೇವೆ.

2024ರಲ್ಲಿ ಚೌತಿ ಸೆಪ್ಟೆಂಬರ್ 7ರ ಶನಿವಾರ ಬಂದದ್ದರಿಂದ ರಜೆ ಹಾಕುವ ಪ್ರಮೇಯ ಬರಲಿಲ್ಲ. ಫ್ರಾನ್ಸಿನ ಬೇಸಿಗೆಯ ಗಡಿಯಾರ ನಮ್ಮೂರಿಗಿಂತ ಮೂರೂವರೆ ಗಂಟೆ ಹಿಂದೆ ಇರುವುದರಿಂದ ತಿಥಿಯನ್ನು ಇಲ್ಲಿನ ಸೂರ್ಯೋದಯಕ್ಕೆ ಹೊಂದಿಸಿ ನೋಡಬೇಕೆಂದು ವಾದಿಸುವವರಿದ್ದಾರೆ; ಮೈಸೂರಿನಲ್ಲಿ ಅಮ್ಮ ಪೂಜೆಗೆ ಕೂರುವ ದಿನವೇ ನಮಗೂ ಹಬ್ಬ.

ಮೂರ್ತಿಯನ್ನು ನಾವು ಊರಿನಿಂದ ತರಿಸುವುದಿಲ್ಲ. ಗರೋನ್ ಬಯಲಿನ ಜೇಡಿಮಣ್ಣನ್ನು ಸುಟ್ಟು ಮಾಡಿದ ಇಟ್ಟಿಗೆಯಿಂದಲೇ ಹಳೆಯ ತೂಲೂಜ್ ಕಟ್ಟಲ್ಪಟ್ಟಿದ್ದು, ಆ ಬಣ್ಣದಿಂದಾಗಿಯೇ ಅದಕ್ಕೆ ಗುಲಾಬಿ ನಗರವೆಂಬ ಹೆಸರು ಬಂದಿದೆ. ಅಂಥ ಊರಿನ ಪಕ್ಕದಲ್ಲಿದ್ದು ಗಣಪನನ್ನು ವಿಮಾನದಲ್ಲಿ ಕರೆಸುವುದು ನನಗೆ ಸರಿಕಾಣದು. ಕಲಾಸಾಮಗ್ರಿಯ ಅಂಗಡಿಯಿಂದ ತಂದ ಕೆಂಪು ಜೇಡಿಮಣ್ಣನ್ನು ಮಗಳು ನಾದಿದಳು. ಸೊಂಡಿಲು ಎರಡು ಸಲ ಕಳಚಿ ಬಿದ್ದಾಗ ಒಳಗೆ ಬೆಂಕಿಕಡ್ಡಿ ಸಿಕ್ಕಿಸಿ ನಿಲ್ಲಿಸಿದೆವು. ಗರಿಕೆಗಂತೂ ಪರದಾಡಬೇಕಿಲ್ಲ. ದಕ್ಷಿಣ ಫ್ರಾನ್ಸಿನ ತೋಟಗಾರರು ಶಪಿಸುತ್ತಾ ಕೀಳುವ ಕಳೆಯೇ ಅದು. ಕಾಲುದಾರಿಯ ಅಂಚಿನಲ್ಲಿ ಕುಳಿತು ಮೂರೆಸಳಿನ ಕುಡಿಗಳನ್ನೇ ಆರಿಸಿ ಇಪ್ಪತ್ತೊಂದರ ಕಟ್ಟು ಕಟ್ಟಿಕೊಂಡೆವು. ಎಕ್ಕದ ಹೂವು ಮಾತ್ರ ಸಿಗಲಿಲ್ಲ. ಬಾಳೆಎಲೆಯ ಬದಲು ಸ್ಟೀಲ್ ತಟ್ಟೆಯಾಯಿತು. ನೈವೇದ್ಯದ ಹಣ್ಣುಗಳ ನಡುವೆ ಮುವಾಸಾಕ್ ಕಡೆಯ ಹೊಂಬಣ್ಣದ ಶಾಸ್ಲಾ ದ್ರಾಕ್ಷಿ ಬಂತು.

ಕಡುಬಿನ ಹೂರಣಕ್ಕೆ ಐವರಿ ಕೋಸ್ಟಿನ ತೆಂಗಿನಕಾಯಿ ತುರಿದು ಬೆಲ್ಲದೊಂದಿಗೆ ಬಾಡಿಸುವಾಗ ಏಲಕ್ಕಿಯ ಘಮ ಮೆಟ್ಟಿಲುಗಳವರೆಗೂ ಹಬ್ಬಿತ್ತು. ಏನು ವಿಶೇಷವೆಂದು ವಿಚಾರಿಸಿದ ಎದುರುಮನೆಯ ಅಜ್ಜಿಗೆ ನಾಲ್ಕು ಕಡುಬು ಕೊಟ್ಟೆವು. ತುಪ್ಪ ಹಾಕಿಕೊಂಡು ತಿನ್ನಬೇಕೆಂದು ಮಗಳು ಫ್ರೆಂಚಿನಲ್ಲಿ ವಿವರವಾಗಿ ಹೇಳಿಕೊಟ್ಟಳು.

ನದಿ ಹತ್ತಿರವಿದ್ದರೂ ವಿಸರ್ಜನೆ ನಡೆದದ್ದು ಬಕೆಟ್ಟಿನಲ್ಲಿ. ಆ ದಿನಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟರ ನಂತರ, ಚೌತಿಯ ಚಂದ್ರನೂ ಅವನ ಹಿಂದೆಯೇ ಬೇಗ ಇಳಿದುಬಿಡುತ್ತಾನೆ. ಆದರೂ ಅಪವಾದದ ಭಯಕ್ಕೆ ಪಶ್ಚಿಮದ ಕಿಟಕಿಯ ಪರದೆಯನ್ನು ಎಳೆದೇ ಊಟಕ್ಕೆ ಕುಳಿತೆವು.